ಸೌಟು ಮುಟ್ಟಬಾರದ ವೀಸಾ

ಆಗ ನನಗೆ ಅರವತ್ತೆಂಟು. ಇದೆಲ್ಲ ನಡೆದು ಎರಡು ವರ್ಷವಾಯಿತು. ಅಲ್ಲಿಯವರೆಗೆ ನಾನು ಕಂಡಿದ್ದ ಅತಿ ದೂರದ ಜಾಗವೆಂದರೆ ಗೋವೆಯ ಹಳೆಯ ಇಗರ್ಜಿ. ಅದೂ ಟ್ರಕ್ಕಿನ ಹಿಂದೆ ನಿಂತು ಹೋಗಿದ್ದು.

ಜಸಿಂತಾ ನನ್ನ ಅಕ್ಕನ ಮಗಳು. ಅಕ್ಕ ಹಾವು ಕಚ್ಚಿ ಸತ್ತಾಗ ಹುಡುಗಿ ಸಣ್ಣವಳು. ನನ್ನ ಮಕ್ಕಳ ಜೊತೆಗೇ ಬೆಳೆಸಿದೆ. ಅವರಿಗೆ ಹಾಕಿದಷ್ಟೇ ಅನ್ನ, ಅವರಿಗೆ ಹಾಕಿದಷ್ಟೇ ಏಟು. ದೊಡ್ಡವಳಾಗಿ ಕಾನ್ವೆಂಟು ಸೇರಿ ಸಿಸ್ಟರ್ ಆದಳು. ಸಿಸ್ಟರ್ ಆದವರನ್ನು ಎಲ್ಲಿಗೆ ಬೇಕಾದರೂ ಕಳಿಸುತ್ತಾರೆ. ಇವಳನ್ನು ಆಫ್ರಿಕಾದ ತಾಂಜಾನಿಯಾ ದೇಶದಲ್ಲಿ ಟಾಂಗಾ ಎಂಬ ಊರಿಗೆ ಕಳಿಸಿದರು. ಅಲ್ಲಿ ತಾಯಿ ತಂದೆ ಇಲ್ಲದ ಮಕ್ಕಳದೊಂದು ಮನೆ ಇದೆ, ಅದನ್ನು ಇವಳು ನೋಡಿಕೊಳ್ಳುತ್ತಾಳೆ.

ಒಂದು ದಿನ ಫೋನು ಮಾಡಿದಳು. ಅಡುಗೆಯವಳು ಹೆರಿಗೆಗೆ ಹೋಗಿದ್ದಾಳಂತೆ, ಬರುವುದು ಮೂರು ತಿಂಗಳಿಗೆ. ಅಲ್ಲಿಯವರೆಗೆ ಬೇರೆ ಯಾರೂ ಸಿಗುತ್ತಿಲ್ಲವಂತೆ. ತಾನೇ ಬೇಯಿಸುತ್ತಾಳೆ, ತಾನೇ ಲೆಕ್ಕ ಬರೆಯುತ್ತಾಳೆ, ನಡುನಡುವೆ ಮಲೇರಿಯಾ ಬಂದು ಮಲಗುತ್ತಾಳೆ. ಇಷ್ಟೇ ಹೇಳಿದಳು. ಅವಳು ಹುಟ್ಟಿದಾಗಿನಿಂದ ಏನನ್ನೂ ಬಾಯಿಬಿಟ್ಟು ಕೇಳಿದವಳಲ್ಲ. ನಾನೇ ಬರುತ್ತೇನೆ ಎಂದೆ.

ನಾನು ಮುಂಡಗೋಡದ ಹಾಸ್ಟೆಲ್ಲಿನಲ್ಲಿ ಕೂದಲು ಬೆಳ್ಳಗಾಗುವವರೆಗೆ ಅಡುಗೆ ಮಾಡಿದವಳು. ಅದನ್ನು ಬಿಟ್ಟ ಮೇಲೆ ಸೊಸೆಯ ಮನೆಯಲ್ಲಿ ಕೂತಿದ್ದೆ. ಕೂತರೆ ನನಗೆ ಮೈಮೇಲೆ ಇರುವೆ ಹರಿದಂತಾಗುತ್ತದೆ.

ಹಳಿಯಾಳ

ಪಾಸ್‌ಪೋರ್ಟ್ ಜಸಿಂತಾ ಹಿಂದೆ ಊರಿಗೆ ಬಂದಾಗಲೇ ಮಾಡಿಸಿಟ್ಟಿದ್ದಳು. ವೀಸಾ ಮಾಡಿಸಿದ್ದು ಬಸವರಾಜನ ಅಂಗಡಿಯಲ್ಲಿ. ಆಧಾರ್ ತಿದ್ದುವುದು, ಪಹಣಿ ತೆಗೆಯುವುದು, ರೈಲು ಟಿಕೆಟ್ಟು, ಎಲ್ಲ ಅವನದೇ. ವಿದೇಶಕ್ಕೆ ಹೋಗುವವರು ಅವನಲ್ಲಿಗೆ ಬರುವುದು ಕಡಿಮೆ. ಬಂದರೂ ಗಲ್ಫಿಗೆ ಹೋಗುವ ಗಂಡಸರು. ನನ್ನ ಫೋಟೋ ಮೂರು ಸಲ ತೆಗೆದ. ಮುಖ ಕಾಣುವುದಿಲ್ಲ ಎಂದು ಕಂಪ್ಯೂಟರ್ ವಾಪಸು ಕಳಿಸುತ್ತಿತ್ತು. ಕೊನೆಗೆ ಬಾಗಿಲಿಗೆ ತಂದು ಬಿಸಿಲಿಗೆ ನಿಲ್ಲಿಸಿ ತೆಗೆದ. ಆಮೇಲೆ ಯಾತಕ್ಕೆ ಹೋಗುವುದು ಎಂದು ತುಂಬುವ ಜಾಗ ಬಂತು.

"ಆಯಿ, ಅಲ್ಲಿ ಹೋಗಿ ಏನ್ ಮಾಡ್ತೀರಿ?"

"ಅಡಗಿ ಮಾಡ್ತೇನಿ."

"ಪಗಾರ ಕೊಡ್ತಾರೇನ್ರಿ?"

"ಎಲ್ಲಿ ಪಗಾರ? ಉಣ್ಣಾಕ ಹಾಕ್ತಾರ, ಮಲಗಾಕ ಜಾಗ ಕೊಡ್ತಾರ."

"ಹಂಗಾರ ಅದು ಕೆಲಸ ಅಲ್ಲ ಬಿಡ್ರಿ. ಟೂರಿಸ್ಟ್ ಅಂತ ಹಾಕೂಣು. ಅಡ್ಡಾಡಿ ಬರ್ರಿ."

ಅವನ ಮಾತು ನನಗೂ ಸರಿ ಎನಿಸಿತು. ಪಗಾರವಿಲ್ಲದೆ ಮಾಡಿದ್ದನ್ನು ನಮ್ಮ ಕಡೆ ಯಾರೂ ಕೆಲಸ ಎನ್ನುವುದಿಲ್ಲ. ನನ್ನ ಸೊಸೆ ಬೆಳಗಿನಿಂದ ರಾತ್ರಿಯವರೆಗೆ ದುಡಿದು, ಕೇಳಿದವರಿಗೆ 'ಮನ್ಯಾಗ ಅದೇನಿ' ಎನ್ನುತ್ತಾಳೆ. ಜಸಿಂತಾಳಿಗೆ ಫೋನು ಮಾಡಿ ಕೇಳಿದರೆ, ಅವಳೂ ನೋಡಲು ಬಂದವಳು ಅಂತಲೇ ಹಾಕಿಸು ಎಂದಳು. ಅಡುಗೆ ಮಾಡಿ ಹಾಕುವುದಕ್ಕೂ ಒಂದು ಪರ್ಮಿಟ್ ಇರುತ್ತದೆ ಎಂದು ಮೂವರಲ್ಲಿ ಯಾರಿಗೂ ತಿಳಿದಿರಲಿಲ್ಲ.

ಬೆಂಗಳೂರು ವಿಮಾನ ನಿಲ್ದಾಣ

ನಾವು ಸಿದ್ದಿಗಳು. ಕಪ್ಪು ಬಣ್ಣ, ಗುಂಗುರು ಕೂದಲು. ಹಳಿಯಾಳ, ಜೊಯಿಡಾ, ಮುಂಡಗೋಡ ಕಡೆ ಇದರಲ್ಲಿ ನೋಡುವಂಥದ್ದು ಏನೂ ಇಲ್ಲ. ಹುಬ್ಬಳ್ಳಿ ದಾಟಿದರೆ ಜನ ತಿರುಗಿ ನೋಡಲು ಶುರು ಮಾಡುತ್ತಾರೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕಾವಲಿನವನು ನನ್ನ ಕೈಯಲ್ಲಿದ್ದ ಪಾಸ್‌ಪೋರ್ಟ್ ನೋಡದೆ, ಮುಖ ನೋಡಿ, ಬಿಳಿಯರು ನಿಂತ ಹೊರದೇಶದವರ ಸಾಲಿಗೆ ತೋರಿಸಿದ. ಎಲ್ಲರೂ ಒಂದೇ ಕಡೆ ಹೋಗುವವರಲ್ಲವೇ ಎಂದು ನಾನೂ ನಿಂತೆ.

ಕಟಕಟೆಯ ಒಳಗಿದ್ದವನು ಇಂಗ್ಲಿಷಿನಲ್ಲಿ ಏನೋ ಕೇಳಿದ. ವೀಸಾ ಮುಗಿದ ಮೇಲೂ ನಮ್ಮ ದೇಶದಲ್ಲಿ ಎಷ್ಟು ದಿನ ಉಳಿದಿರಿ ಎಂದು ಕೇಳಿದ್ದನೆಂದು ಆಮೇಲೆ ತಿಳಿಯಿತು. ಕನ್ನಡದಾಗ ಕೇಳ್ರಿ ಎಂದೆ. ತಲೆಯೆತ್ತಿದ. ಪಾಸ್‌ಪೋರ್ಟ್ ತಿರುವಿದ, ನನ್ನನ್ನು ನೋಡಿದ, ಮತ್ತೆ ತಿರುವಿದ. ಯಾರದೋ ಪಾಸ್‌ಪೋರ್ಟ್ ತಂದಿದ್ದೇನೆ ಎಂದು ಅವನ ಅನುಮಾನ. ಹಳಿಯಾಳದಿಂದ ಜೊಯಿಡಾಗೆ ಹೇಗೆ ಹೋಗ್ತೀರಾ ಎಂದು ಕೇಳಿದ. ಮೈಸೂರು ಕಡೆಯ ಮಾತು.

"ದಾಂಡೇಲಿಗೆ ಹೋಗಿ ಕೂಡಬೇಕು. ಬಸ್ ಬಂದ್ರ ಹೋಗೂದು, ಬರಲಿಲ್ಲಂದ್ರ ತಿರುಗಿ ಮನಿಗೆ."

ಅವನು ನಕ್ಕ. ಮಕ್ಕಳನ್ನು ಕರೆದುಕೊಂಡು ಗಣೇಶಗುಡಿಗೆ ರಬ್ಬರ್ ದೋಣಿ ಹತ್ತಲು ಹೋಗಿದ್ದನಂತೆ. ಅವನೂ ದಾಂಡೇಲಿಯಲ್ಲಿ ಹಾಗೇ ಕೂತಿದ್ದನಂತೆ. ಶಿಕ್ಕಾ ಒತ್ತಿದ. ನನ್ನ ದೇಶ ಬಿಟ್ಟು ಹೋಗಲು ನಾನು ನಮ್ಮ ಬಸ್ಸಿನ ಪರೀಕ್ಷೆ ಪಾಸಾಗಬೇಕಾಯಿತು.

ದಾರ್-ಎಸ್-ಸಲಾಮ್

ಇಲ್ಲಿ ಅದೇ ಆಟ ತಿರುಗಾ ಮುರುಗಾ. ಕಟಕಟೆಯಲ್ಲಿದ್ದ ಹೆಂಗಸು ತನ್ನ ಭಾಷೆಯಲ್ಲಿ ಗಳಗಳ ಮಾತಾಡಿದಳು. ನಾನು ಸುಮ್ಮನೆ ನಿಂತೆ. ಇನ್ನೂ ಜೋರಾಗಿ ಮಾತಾಡಿದಳು, ಕಿವುಡಿ ಎಂದುಕೊಂಡಿರಬೇಕು. ನಾನು ಪಾಸ್‌ಪೋರ್ಟ್ ಮುಂದೆ ತಳ್ಳಿದೆ. ಅವಳು ನೋಡಿ, ಪಕ್ಕದವನನ್ನು ಕರೆದಳು. ಅವನು ಇನ್ನೊಬ್ಬನನ್ನು ಕರೆದ. ಮೂವರೂ ಕೂಡಿ ನನ್ನ ಸೀರೆ ನೋಡಿದರು, ಮೂಗುಬೊಟ್ಟು ನೋಡಿದರು. ಕೊನೆಗೆ ಜಸಿಂತಾ ಬರೆಸಿ ಕಳಿಸಿದ್ದ ಕಾಗದ ತೋರಿಸಿದೆ. ಮಗಳನ್ನು ನೋಡಲು ಬಂದಿದ್ದಾಳೆ ಎಂದು ಅದರಲ್ಲಿತ್ತು. ಶಿಕ್ಕಾ ಬಿತ್ತು.

ಹೊರಗೆ ಚೀಲ ಬಿಚ್ಚಿಸಿದರು. ಆ ದೇಶದಲ್ಲಿ ಪ್ಲಾಸ್ಟಿಕ್ ಚೀಲ ತರುವ ಹಾಗಿಲ್ಲ. ನಾನು ತಂದದ್ದೆಲ್ಲ ಹಳಿಯಾಳದ ಕಿರಾಣಿ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲೇ ಇತ್ತು. ರೊಟ್ಟಿ, ಶೇಂಗಾ ಚಟ್ನಿಪುಡಿ, ಹುಣಸೆಹಣ್ಣು, ಜಸಿಂತಾಳಿಗೆ ಸೇರುವ ಒಣಮೀನು. ಆ ಮನುಷ್ಯ ಒಂದೊಂದೇ ಚೀಲ ಬಿಚ್ಚಿ, ಸಾಮಾನು ನನ್ನ ಸೀರೆಗಳ ಮೇಲೆ ಸುರುವಿ, ಖಾಲಿ ಚೀಲ ಮಾತ್ರ ತೆಗೆದುಕೊಂಡ. ಒಣಮೀನಿಗೆ ಅವನ ತಕರಾರು ಇರಲಿಲ್ಲ. ನಮ್ಮಲ್ಲಿ ಸಾಮಾನು ಕಸಿದುಕೊಂಡು ಚೀಲ ಬಿಡುತ್ತಾರೆ. ಆ ಪ್ರವಾಸವಿಡೀ ನನ್ನ ಸೀರೆಗಳಿಂದ ಚಟ್ನಿಪುಡಿ ಉದುರುತ್ತಿತ್ತು.

ಟಾಂಗಾ

ಜಸಿಂತಾ ಕಳಿಸಿದ್ದ ಸಿಸ್ಟರೊಬ್ಬಳು ನನ್ನನ್ನು ಟಾಂಗಾದ ಬಸ್ಸಿಗೆ ಹತ್ತಿಸಿದಳು. ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯಲ್ಲಿ ಕತ್ತಾಳೆ. ನಾವು ದನ ನುಗ್ಗದಿರಲಿ ಎಂದು ಬೇಲಿಗೆ ಹಚ್ಚುತ್ತೇವೆ. ಅಲ್ಲಿ ಅದನ್ನೇ ಹೊಲ ಹೊಲಗಟ್ಟಲೆ ಸಾಲು ಹಿಡಿದು ಬೆಳೆಯುತ್ತಾರೆ, ಹಗ್ಗಕ್ಕೆ. ಉಳಿದದ್ದು ಗೋವಿನಜೋಳ. ಮುಂಡಗೋಡದಲ್ಲೂ ಈಗ ಎಲ್ಲಿ ನೋಡಿದರೂ ಅದೇ, ಆದರೆ ನಮ್ಮದು ಕೋಳಿ ಮೇವಿಗೆ ಹೋಗುತ್ತದೆ. ಇಲ್ಲಿ ಅದರ ಹಿಟ್ಟು ಕುದಿಸಿ, ಗಟ್ಟಿಯಾಗಿ ತಿರುವಿ, ಮೂರು ಹೊತ್ತು ಉಣ್ಣುತ್ತಾರೆ.

ಪಕ್ಕದಲ್ಲಿದ್ದ ಹೆಂಗಸು ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ನಮ್ಮ ಬಸ್ಸಿನಲ್ಲೂ ಹಾಗೇ. ಇಳಿಯುವಾಗ ನನ್ನ ಕಾಲು ಎಡವಿತು. ಬಸ್ಸಿನಲ್ಲಿದ್ದವರು, ಕೆಳಗೆ ನಿಂತವರು, ಬಾಳೆಹಣ್ಣು ಮಾರುವವಳು, ಎಲ್ಲರೂ ಒಟ್ಟಿಗೆ "ಪೋಲೆ" ಎಂದರು. ಪಾಪ ಎನ್ನುವ ಹಾಗೆ, ತಪ್ಪಾಯಿತು ಎನ್ನುವ ಹಾಗೆ ಒಂದು ಮಾತು. ಯಾರಿಗೆ ಏನೇ ಆದರೂ ಹಾಗೆ ಹೇಳುತ್ತಾರೆ. ಕೆಮ್ಮಿದರೆ ಪೋಲೆ, ಭಾರ ಹೊತ್ತರೆ ಪೋಲೆ. ನಾನು ಎಡವಿದ ಕಲ್ಲು ಅವರೇ ಇಟ್ಟಿದ್ದರೇನೋ ಎನ್ನುವಷ್ಟು. ನಮ್ಮ ಕಡೆಯಾದರೆ 'ಕಣ್ಣು ಎಲ್ಲಿಟ್ಟಿದ್ದಿ' ಎಂದು ಬೈಯುತ್ತಿದ್ದರು. ನನಗೆ ಬೈಗುಳವೇ ಒಗ್ಗಿದೆ.

ಜಸಿಂತಾ ನಿಲ್ದಾಣಕ್ಕೆ ಬಂದಿದ್ದಳು. ಅಂಗಿ ಗೂಟಕ್ಕೆ ತೂಗುಹಾಕಿದಂತೆ ಕಾಣುತ್ತಿದ್ದಳು, ಅಷ್ಟು ಬಡಕಲು. ನನ್ನನ್ನು ಹಿಡಿದುಕೊಂಡು ಅಳಲು ಶುರು ಮಾಡಿದಳು. ಮೊದಲು ಚೀಲ ಹಿಡಿ ಎಂದೆ. ನಾವಿಬ್ಬರೂ ಮಾತಾಡುವುದು ಕೊಂಕಣಿ, ಚಿಕ್ಕಮ್ಮನಾದ ನನ್ನನ್ನು ಅವಳು ಮಾವಶಿ ಎನ್ನುತ್ತಾಳೆ. ಓದುವವರಿಗೆ ತಿಳಿಯಲಿ ಎಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅಡುಗೆಮನೆ ಹಿತ್ತಲಲ್ಲಿತ್ತು. ಕಟ್ಟಿಗೆ ಒಲೆ, ಹೊಗೆ ಹಿಡಿದ ತಗಡು, ಒಬ್ಬಳು ಕೂತು ಸ್ನಾನ ಮಾಡುವಷ್ಟು ದೊಡ್ಡ ಪಾತೇಲಿ. ನಮ್ಮ ಹಾಸ್ಟೆಲ್ಲಿನದೇ ಒಲೆ. ಅಲ್ಲಿ ನೀಮಾ ಎಂಬ ಹೆಂಗಸು ಸಿಡಿಮಿಡಿ ಮಾಡುತ್ತ ಅವರೆಯಂಥ ಕಾಳು ಬೇಯಿಸುತ್ತಿದ್ದಳು. ಅವಳನ್ನು ಇಟ್ಟುಕೊಂಡದ್ದು ಬಟ್ಟೆ ಒಗೆಯುವುದಕ್ಕೆ, ಜಸಿಂತಾಳ ಕೈಲಾಗದ ದಿನ ಒಲೆಯೂ ಅವಳ ಪಾಲಿಗೆ. ಅಡುಗೆ ಅವಳ ಕೆಲಸವಲ್ಲ, ಕಾಳಿನ ಸೀದ ವಾಸನೆಯೇ ಅದನ್ನು ಹೇಳುತ್ತಿತ್ತು. ನಾಳೆ ಬೆಳಿಗ್ಗೆ ಸೀರೆ ಎತ್ತಿ ಕಟ್ಟಿ ಇಳಿಯುತ್ತೇನೆ ಎಂದುಕೊಂಡು ಮಲಗಿದೆ.

ಬೆಳಿಗ್ಗೆ ಜಸಿಂತಾ ಬಾಗಿಲಲ್ಲೇ ತಡೆದಳು. ಅವರ ಪಾದ್ರಿ ಬಂದು ಹೇಳಿ ಹೋಗಿದ್ದರಂತೆ. ಅದೇ ರಸ್ತೆಯಲ್ಲಿ ಮುಂದೆ ಇನ್ನೊಂದು ಮಕ್ಕಳ ಮನೆ. ಅಲ್ಲಿ ಎಲ್ಲಿಂದಲೋ ಬಂದ ಇಬ್ಬರು ಬಿಳಿ ಹುಡುಗಿಯರು ಪುಕ್ಕಟೆ ಪಾಠ ಹೇಳುತ್ತಿದ್ದರು. ಇಮಿಗ್ರೇಷನ್‌ನವರು ಬಂದು ಅವರನ್ನು ದೇಶದಿಂದಲೇ ಕಳಿಸಿದರು. ಆ ಮನೆ ನೋಡಿಕೊಳ್ಳುತ್ತಿದ್ದ ಹೊರದೇಶದ ಸಿಸ್ಟರ್‌ಳ ಪರ್ಮಿಟ್ಟೂ ಹೋಯಿತು.

"ಮಾವಶಿ, ನೀ ಒಲಿ ಹತ್ರ ಹೋಗಬ್ಯಾಡ."

"ನಾ ಪಗಾರ ತಗೊಳಂಗಿಲ್ಲಲ್ಲ."

"ಪಗಾರದ ಮಾತಲ್ಲ. ನೋಡಾಕ ಬಂದವರು ನೋಡಬೇಕು, ಅಷ್ಟ. ಸೇವಾ ಮಾಡಾಕ ಬ್ಯಾರೆ ಪರ್ಮಿಟ್ ಐತಂತ. ಬರೂಕಿಂತ ಮೊದಲ ಮಾಡಿಸಬೇಕಿತ್ತು. ನನಗ ಗೊತ್ತಿರಲಿಲ್ಲ."

"ಸಿಕ್ಕರ ಏನ್ ಮಾಡ್ತಾರ?"

"ನಿನ್ನ ಕಳಿಸ್ತಾರ. ನನ್ನೂ ಕಳಿಸ್ತಾರ. ಆಮ್ಯಾಲೆ ಈ ಮಕ್ಕಳನ್ನ ಯಾರು ನೋಡ್ತಾರ?"

ಹಾಗಾದರೆ ನಾಳೆಯೇ ಹೋಗುತ್ತೇನೆ ಎಂದೆ. ಬೇಡ, ಪಾದ್ರಿ ಕಚೇರಿಯಲ್ಲಿ ವಿಚಾರಿಸುತ್ತಾರೆ, ಇಲ್ಲಿದ್ದುಕೊಂಡೇ ಪರ್ಮಿಟ್ ಆಗುವುದಾದರೆ ನೋಡೋಣ, ಅಲ್ಲಿಯವರೆಗೆ ಕೂತಿರು ಎಂದಳು.

ಕೂತ ದಿನಗಳು

ಜಗುಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟರು. ಅಲ್ಲಿಂದ ಅಡುಗೆಮನೆ ಕಾಣುತ್ತಿತ್ತು. ಕಾಣದಿದ್ದರೆ ಒಳ್ಳೆಯದಿತ್ತು. ನೀಮಾ ಹಿಟ್ಟನ್ನು ನೀರು ಕುದಿಯುವ ಮೊದಲೇ ಹಾಕುತ್ತಿದ್ದಳು, ಕಾಳನ್ನು ನೆನೆಹಾಕದೆ ಒಲೆಗೆ ಏರಿಸುತ್ತಿದ್ದಳು. ನಾನು ಎದ್ದು ಗೇಟಿನವರೆಗೆ ಹೋಗಿ ಬರುತ್ತಿದ್ದೆ. ಮತ್ತೆ ಕೂರುತ್ತಿದ್ದೆ. ಕುರ್ಚಿಯ ಒಂದು ಕಾಲು ಮೊದಲೇ ಸಡಿಲವಾಗಿತ್ತು, ಎದ್ದು ಕೂತು ಅದನ್ನು ಪೂರ್ತಿ ಮುರಿದೆ. ನೀಮಾ ಪೋಲೆ ಎಂದಳು.

ಯಾವುದು ಕೆಲಸ, ಯಾವುದು ಅಲ್ಲ ಎಂದು ನಾನೂ ಜಸಿಂತಾಳೂ ದಿನವೂ ಜಗಳ ಮಾಡುತ್ತಿದ್ದೆವು. ನನ್ನ ತಟ್ಟೆ ನಾನು ತೊಳೆಯಬಹುದು. ಪಕ್ಕದಲ್ಲಿ ಉಂಡ ಮಗುವಿನ ತಟ್ಟೆ? ಅದು ಬೇಡ. ಅಕ್ಕಿಯಲ್ಲಿ ಕಲ್ಲು ಆರಿಸುವುದು? ಬೇಡ. ಒಂದು ಹುಡುಗಿ ಬಂದು ನನ್ನ ಕಾಲ ಬಳಿ ಕೂತು, ತಲೆ ಬಾಚು ಎಂದು ಬಾಚಣಿಕೆ ಕೊಟ್ಟಳು. ನಮ್ಮ ಕೂದಲಿಗೆ ಬೇಕಾದ ಅಗಲ ಹಲ್ಲಿನ ಬಾಚಣಿಕೆ ಹಳಿಯಾಳದಲ್ಲಿ ಹುಡುಕಿದರೂ ಸಿಗುವುದಿಲ್ಲ, ಅಲ್ಲಿ ಮನೆ ಮನೆಗೂ ಇದೆ. ಇದು ಕೆಲಸವೋ ಎಂದು ಕೇಳಿದೆ. ಜಸಿಂತಾ ಗೇಟಿನ ಕಡೆ ನೋಡಿ, "ನನಗೂ ತಿಳಿವಲ್ದು. ಒಳಗ ಕೂತು ಬಾಚು," ಎಂದಳು.

ಮುಂಡಗೋಡದಲ್ಲಿ ಟಿಬೇಟಿಯನ್ ಕ್ಯಾಂಪ್ ಇದೆ. ಅಲ್ಲಿಗೆ ಹೊರದೇಶದವರು ಬರುತ್ತಿರುತ್ತಾರೆ. ಅವರಿಗೆ ಕ್ಯಾಂಪಿನಲ್ಲಿ ಉಳಿಯಲು ಡೆಲ್ಲಿಯ ಕಾಗದ ಬೇಕು. ಒಮ್ಮೆ ಸಣ್ಣ ಲಾಮಾಗಳಿಗೆ ಇಂಗ್ಲಿಷ್ ಕಲಿಸಲು ಬಂದ ಹುಡುಗಿಯೊಬ್ಬಳಿಗೆ ಆ ಕಾಗದವಿಲ್ಲ ಎಂದು, ಸಂಜೆಯ ಹುಬ್ಬಳ್ಳಿ ಬಸ್ಸಿಗೆ ಹತ್ತಿಸಿದ್ದನ್ನು ನಾನೇ ನೋಡಿದ್ದೇನೆ. ಪುಕ್ಕಟೆ ಕಲಿಸುವವಳಿಗೆ ಯಾವ ಕಾಗದ ಎಂದು ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಮಾತಾಡಿಕೊಂಡೆವು. ಬಸ್ಸು ಹೋಯಿತು, ನಾವೂ ಮರೆತೆವು. ಜಗುಲಿಯಲ್ಲಿ ಕೂತು ಅವಳ ಮುಖ ನೆನಪು ಮಾಡಿಕೊಳ್ಳಲು ನೋಡಿದೆ. ಬರಲಿಲ್ಲ. ಬೆನ್ನಿಗಿಂತ ದೊಡ್ಡ ಚೀಲ ಹೊತ್ತಿದ್ದಳು, ಅಷ್ಟು ನೆನಪಿದೆ.

ಓಣಿಯವರು ನನ್ನನ್ನು ನೋಡಲು ಬರುತ್ತಿದ್ದರು. ತಮ್ಮಂತೆಯೇ ಇದ್ದಾಳೆ, ಭಾಷೆ ಬರುವುದಿಲ್ಲ, ಸೀರೆ ಉಡುತ್ತಾಳೆ ಎಂದು ಸುದ್ದಿಯಾಗಿತ್ತು. ನನ್ನನ್ನು 'ಬೀಬಿ' ಎನ್ನುತ್ತಿದ್ದರು. ಅವರಲ್ಲಿ ಅಜ್ಜಿಗೆ ಹಾಗೆ ಕರೆಯುತ್ತಾರೆ. ಒಬ್ಬ ಮುದುಕ ನೀನು ಯಾವ ಕುಲ ಎಂದು ಜಸಿಂತಾಳ ಬಾಯಿಂದ ಕೇಳಿಸಿದ. ಹಳಿಯಾಳ ಎಂದೆ. ಅಂಥ ಕುಲವಿಲ್ಲ ಎಂದ. ಇಲ್ಲಿಗೆ ಬಂದದ್ದು ನಿನಗೆ ಹೇಗೆನಿಸುತ್ತದೆ ಎಂದು ಕೇಳಿದ. ಸೆಖೆ ಎಂದೆ. ನಾನು ಅಳುತ್ತೇನೆಂದು ಕಾಯುತ್ತಿದ್ದ ಹಾಗೆ ಕಂಡಿತು. ನನ್ನ ಹಿರಿಯರನ್ನು ಆಫ್ರಿಕಾದ ಯಾವ ದಂಡೆಯಲ್ಲಿ ಗುಲಾಮರೆಂದು ಹಡಗಿಗೆ ತುಂಬಿದರೋ ನನಗೆ ಗೊತ್ತಿಲ್ಲ. ಅವರಿಗೆ ಯಾರೂ ವೀಸಾ ಕೇಳಿರಲಿಕ್ಕಿಲ್ಲ. ದುಡಿಯಬೇಡ, ಕೂತಿರು ಎಂದೂ ಹೇಳಿರಲಿಕ್ಕಿಲ್ಲ.

ಆ ಊರಿನವರು ಎಲ್ಲದಕ್ಕೂ ನಿಧಾನ ನಿಧಾನ ಎನ್ನುತ್ತಾರೆ. ಕಾಗದ ಬಂತೇ ಎಂದರೆ ನಿಧಾನ. ಸಿಕ್ಕಿದವರೆಲ್ಲ ಮನೆ, ದನ, ಮಳೆ ಎಲ್ಲ ವಿಚಾರಿಸಿ ಮುಗಿಸಿದ ಮೇಲೆ ಬಂದ ಕೆಲಸ ಹೇಳುತ್ತಾರೆ. ಪಾದ್ರಿಯೂ ಹಾಗೇ ವಿಚಾರಿಸಿ ವಿಚಾರಿಸಿ ಒಂದು ದಿನ ಉತ್ತರ ತಂದರು. ನೋಡಲು ಬಂದವಳಾಗಿ ಒಳಗೆ ಬಂದ ಮೇಲೆ ಇಲ್ಲೇ ಕೂತು ಬದಲಾಯಿಸಲು ಆಗದಂತೆ. ಜಸಿಂತಾ ಅದನ್ನು ಹೇಳಿ ಒಳಗೆ ಹೋಗಿ ಮಲಗಿದಳು. ಮೈ ಮುಟ್ಟಿದರೆ ಕೆಂಡ.

ಆ ಸೋಮವಾರ

ಮರುದಿನ ನೀಮಾ ಬರಲಿಲ್ಲ. ಅವಳ ಅತ್ತೆ ಸತ್ತಳೆಂದು ಪಕ್ಕದ ಮನೆಯವರು ಹೇಳಿ ಹೋದರು. ಜಸಿಂತಾ ಎರಡು ಕಂಬಳಿ ಹೊದ್ದು ನಡುಗುತ್ತಿದ್ದಳು. ಮಕ್ಕಳು ಶಾಲೆಯಿಂದ ಮಧ್ಯಾಹ್ನ ಬಂದು, ತಟ್ಟೆ ಹಿಡಿದು, ಅಡುಗೆಮನೆಯ ಮುಂದೆ ಕೂತರು. ಯಾರೂ ಗಲಾಟೆ ಮಾಡಲಿಲ್ಲ. ಮಾಡಿದ್ದರೆ ಬೈದು ಕೂಡಿಸಬಹುದಿತ್ತು. ಸುಮ್ಮನೆ ಒಲೆಯ ಕಡೆ ನೋಡುತ್ತಿದ್ದರು.

ಜಸಿಂತಾಳನ್ನು ಕೇಳಲಿಲ್ಲ. ಕೇಳಿದ್ದರೆ ಎದ್ದು ಬಂದು ತಾನೇ ಮಾಡುತ್ತಿದ್ದಳು. ಸೀರೆ ಎತ್ತಿ ಕಟ್ಟಿ ಒಳಗೆ ಹೋಗಿ ಒಲೆ ಹೊತ್ತಿಸಿದೆ. ಹಿಂದಿನ ದಿನದ ಕಾಳಿತ್ತು, ಅದಕ್ಕೆ ನನ್ನ ಹುಣಸೆಹಣ್ಣು, ಉಳ್ಳಾಗಡ್ಡಿ, ಉಳಿದ ಚಟ್ನಿಪುಡಿ ಹಾಕಿದೆ. ಹಿಟ್ಟು ತಿರುವುವುದು ಮಾತ್ರ ನನಗೆ ಬರಲಿಲ್ಲ. ಗಂಟು ಗಂಟಾಯಿತು. ಮಕ್ಕಳು ನಕ್ಕರು. ಒಂದು ದೊಡ್ಡ ಹುಡುಗಿ ಬಂದು ನನ್ನ ಮೊಣಕೈ ಹಿಡಿದು, ಹಿಟ್ಟನ್ನು ಪಾತೇಲಿಯ ಬದಿಗೆ ಒತ್ತಿ ತಿರುವಬೇಕು ಎಂದು ತೋರಿಸಿದಳು.

ಆಗ ಗೇಟಿನಲ್ಲಿ ಗಾಡಿ ನಿಂತಿತು. ಇಮಿಗ್ರೇಷನ್ ಸಾಹೇಬ. ಒಬ್ಬನೇ ಬಂದಿದ್ದ, ಕಂಕುಳಲ್ಲಿ ಕಡತ. ಅಡುಗೆಮನೆಯ ಬಾಗಿಲಿಗೆ ಬಂದು, ತಲೆ ಬಗ್ಗಿಸಿ "ಶಿಕಾಮೂ" ಎಂದ. ಹಿರಿಯರಿಗೆ ಹಾಗೆ ಹೇಳಿಯೇ ಮಾತು ಶುರು ಮಾಡಬೇಕು, ಪೊಲೀಸನಾದರೂ ಸರಿ. ಅದಕ್ಕೆ ಕೊಡುವ ಉತ್ತರ ಕಲಿತಿದ್ದೆ. "ಮರಹಬಾ" ಎಂದು ತಿರುವುತ್ತಲೇ ಇದ್ದೆ. ಅವನು ನನ್ನನ್ನು ಊರಿನ ಅಡುಗೆಯವಳು ಎಂದುಕೊಂಡು ಸಿಸ್ಟರ್‌ಳ ಕೋಣೆಯ ಕಡೆ ಹೊರಟ. ಬೆಂಗಳೂರಿನಲ್ಲಿ ಸಾಲು ತಪ್ಪಿಸಿದ ಮುಖ ಇಲ್ಲಿ ಉಳಿಸಿತು ಎಂದುಕೊಂಡೆ. ಅಷ್ಟರಲ್ಲಿ ತಟ್ಟೆ ಹಿಡಿದಿದ್ದ ಸಣ್ಣವನೊಬ್ಬ ಖುಷಿಯಿಂದ ಏನೋ ಹೇಳಿದ. ಅದರಲ್ಲಿ 'ಬೀಬಿ' ಎಂಬುದೂ 'ಇಂಡಿಯಾ' ಎಂಬುದೂ ನನಗೆ ತಿಳಿಯಿತು. ಸಾಹೇಬ ನಿಂತು ಹಿಂದೆ ತಿರುಗಿದ.

ಪಾಸ್‌ಪೋರ್ಟ್ ತರಿಸಿದ. ಜಸಿಂತಾ ಗೋಡೆ ಹಿಡಿದುಕೊಂಡು ಬಂದಳು. ನನ್ನನ್ನು ನೋಡಿ ಕೊಂಕಣಿಯಲ್ಲಿ ಮೆಲ್ಲಗೆ ಹೇಳಿದಳು, ನನ್ನ ಔಷಧಕ್ಕೆ ನೀರು ಕಾಯಿಸುತ್ತಿದ್ದಾಳೆ ಎನ್ನುತ್ತೇನೆ, ಸುಮ್ಮನಿರು.

"ಇಷ್ಟು ಮಕ್ಕಳ ಪಾತೇಲಿ ಮುಂದ ಇಟ್ಕೊಂಡು ನೀರು ಕಾಸ್ತೇನಿ ಅಂದ್ರ ಯಾರ್ ನಂಬ್ತಾರ? ನೀ ಸಿಸ್ಟರ್ ಇದ್ದೀ. ಸುಳ್ಳು ಹೇಳಬ್ಯಾಡ."

ನಿನಗೆ ಇಲ್ಲಿ ಏನು ಕೊಡುತ್ತಾರೆ ಎಂದು ಅವನು ಜಸಿಂತಾಳ ಮೂಲಕ ನನ್ನನ್ನು ಕೇಳಿದ. ಊಟ, ಹಾಸಿಗೆ ಎಂದೆ. ಅಷ್ಟಕ್ಕೆ ಬಾಯಿ ಮುಚ್ಚಬೇಕಿತ್ತು. ಆದರೆ ದುಡ್ಡಿನ ಸಂಬಂಧವೇ ಇಲ್ಲ ಎಂಬುದು ಅವನಿಗೆ ಗಟ್ಟಿಯಾಗಿ ಗೊತ್ತಾಗಲಿ ಎನಿಸಿತು. "ಇದು ಮುಯ್ಯಾಳು ಅಂತ ಹೇಳು," ಎಂದೆ. ಜಸಿಂತಾ ತಡವರಿಸಿದಳು. ಹೇಳು ಎಂದು ಗದರಿದೆ.

ಮುಂಡಗೋಡದ ಹತ್ತಿರ ಪಾಳಾ ಎಂಬ ಊರಿನ ಕಡೆ ನಮ್ಮ ಗದ್ದೆ ಇತ್ತು. ಭತ್ತದ ನೆಟ್ಟಿಯ ಕಾಲಕ್ಕೆ ಇವತ್ತು ನಿಮ್ಮ ಗದ್ದೆಗೆ ನಾನು ಬರುವುದು, ನಾಳೆ ನನ್ನ ಗದ್ದೆಗೆ ನೀವು. ಯಾರೂ ಯಾರಿಗೂ ಕೂಲಿ ಕೊಡುವುದಿಲ್ಲ. ಗದ್ದೆಯವನು ಊಟ ಹಾಕುತ್ತಾನೆ. ಒಂದು ಆಳು ಬಂದರೆ ಒಂದು ಆಳು ತಿರುಗಿ ಹೋಗಲೇಬೇಕು, ಹೋಗದವನ ಮನೆಗೆ ಮುಂದಿನ ವರ್ಷ ಯಾರೂ ಬರುವುದಿಲ್ಲ. ಅದೇ ಮುಯ್ಯಾಳು. ಈಗ ನಾನು ಇವಳ ಒಲೆಗೆ ಬಂದಿದ್ದೇನೆ. ನಾಳೆ ನಾನು ಹಾಸಿಗೆ ಹಿಡಿದರೆ ಇವರ ಕಾನ್ವೆಂಟಿನವರು ಹಳಿಯಾಳದಲ್ಲಿ ನನ್ನನ್ನು ನೋಡುತ್ತಾರೆ. ದುಡ್ಡು ಎಲ್ಲಿಂದ ಬಂತು? ಇಷ್ಟನ್ನೂ ಹೇಳಿಸಿದೆ.

ಅವನು ಪೂರ್ತಿ ಕೇಳಿದ, ಬರೆದುಕೊಂಡ. ಆಮೇಲೆ ನಿಧಾನವಾಗಿ ಏನೋ ಹೇಳಿದ. ಜಸಿಂತಾಳ ಮುಖ ಇಳಿಯಿತು.

"ಮಾವಶಿ, ದುಡಿದಿದ್ದಕ್ಕ ಉಣ್ಣೂದು, ಮಲಗೂದು ಸಿಕ್ಕರ ಅದೂ ಕೂಲೀನ ಅಂತ. ತಿರುಗಿ ಮತ್ತೇನಾರ ಬರೂದೈತಿ ಅಂದ್ರಂತೂ ಮುಗದ ಹೋತು. ನೋಡಾಕ ಬಂದಾಕಿ ಅಲ್ಲ, ಕೆಲಸಕ್ಕ ಬಂದಾಕಿ ಅಂತ ಬರಕೊಂಡಾರ."

ಬಸವರಾಜನ ಲೆಕ್ಕ, ನನ್ನ ಲೆಕ್ಕ, ಎರಡೂ ಅಲ್ಲಿಗೆ ಬಿದ್ದವು. ಬೀಳಿಸಿದ್ದು ನಾನೇ.

ಸಾಹೇಬನೇ ಮತ್ತೆ ಮಾತಾಡಿದ. ತನ್ನ ತಾಯಿಯ ಊರಿನಲ್ಲೂ ಅಗೆತಕ್ಕೆ ಹೀಗೇ ಒಬ್ಬರ ಹೊಲಕ್ಕೆ ಒಬ್ಬರು ಹೋಗುತ್ತಾರಂತೆ, ಊಟ ಮಾಡಿ ಬರುತ್ತಾರಂತೆ. ಆದರೆ ಅಲ್ಲಿ ಯಾರೂ ವಿಮಾನ ಹತ್ತಿ ಬರುವುದಿಲ್ಲ ಎಂದ.

ಈ ಮನೆಯ ಸಿಸ್ಟರ್ ನಿನ್ನನ್ನು ಕೆಲಸಕ್ಕೆ ಹಚ್ಚಿದಳೇ ಎಂದು ಕೇಳಿದ. ಅವನಿಗೆ ಬೇಕಾಗಿದ್ದದ್ದು ಇದು. ಜಸಿಂತಾ ಇದನ್ನು ನನಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ.

"ಆಕಿ ಬ್ಯಾಡ ಅಂದಿದ್ಲು. ದಿನಾ ಬ್ಯಾಡ ಅಂದಾಳ. ಇವತ್ತ ಆಕಿ ಜ್ವರದಾಗ ಮಲಗಿದ್ಲು, ನಾನ ಒಳಗ ಹೋದೆ. ಯಾರೂ ಹಚ್ಚಿಲ್ಲ. ಅದನ್ನ ಬರಕೊಳ್ಳಾಕ ಹೇಳು. ಒಂದ ಅಕ್ಷರ ಬಿಡಬ್ಯಾಡ."

ಅದರಲ್ಲಿ ಸುಳ್ಳು ಇರಲಿಲ್ಲ, ಹಾಗಾಗಿ ಜಸಿಂತಾ ಪೂರ್ತಿ ಹೇಳಿದಳು. ಅವನು ಬರೆದದ್ದಕ್ಕೆ ನಾನು ಕನ್ನಡದಲ್ಲಿ ಸಹಿ ಮಾಡಿದೆ. ಆ ಅಕ್ಷರಗಳನ್ನು ಕಾಗದ ತಿರುಗಿಸಿ ತಿರುಗಿಸಿ ನೋಡಿದ.

ಒಲೆಯ ಮೇಲೆ ಹಿಟ್ಟು ತಳ ಹಿಡಿಯುವ ವಾಸನೆ ಬಂತು. ಮಕ್ಕಳು ಇನ್ನೂ ತಟ್ಟೆ ಹಿಡಿದೇ ಕೂತಿದ್ದರು. ಬಡಿಸುವುದೂ ಕೆಲಸವೋ ಕೇಳು ಎಂದೆ. ಜಸಿಂತಾ ಕೇಳಿದಳು. ಅವನು ಮಕ್ಕಳನ್ನು ನೋಡಿದ. ಕಡತ ಮುಚ್ಚಿ, ಹೊರಗೆ ಮಾವಿನ ಮರದ ಕೆಳಗೆ ಹೋಗಿ, ಅಡುಗೆಮನೆಗೆ ಬೆನ್ನು ಮಾಡಿ, ರಸ್ತೆ ನೋಡುತ್ತ ನಿಂತ. ನಾನು ಬಡಿಸಿದೆ. ಕೊನೆಯ ತಟ್ಟೆಗೆ ಹಾಕಿದ ಮೇಲೆ ಜೋರಾಗಿ ಕೆಮ್ಮಿದೆ. ಆಗ ತಿರುಗಿದ.

ನಾನು ಒಂದು ವಾರದಲ್ಲಿ ದೇಶ ಬಿಡಬೇಕು. ಮನೆಗೆ ಒಂದು ಎಚ್ಚರಿಕೆಯ ಕಾಗದ, ಅಷ್ಟೇ. ಜಸಿಂತಾಳ ಪರ್ಮಿಟ್ ಮುಟ್ಟುವುದಿಲ್ಲ. ಹೋಗುವಾಗ, ಮತ್ತೆ ಬರುವುದಿದ್ದರೆ ಮೊದಲೇ ಪರ್ಮಿಟ್ ಮಾಡಿಸಿ ಬಾ ಎಂದು ಏನೇನು ಬೇಕೆಂದು ಹೇಳಿದ. ಈ ಮನೆಯ ಪತ್ರ, ಫೋಟೋ, ಓದಿದ ಸರ್ಟಿಫಿಕೇಟು, ನಮ್ಮ ಊರಿನ ಪೊಲೀಸರು ಕೊಡುವ ಕಾಗದ. ಓದಿದ್ದು ಮೂರನೇ ಇಯತ್ತೆ ಎಂದೆ. ಹಾಗಾದರೆ ಅಡುಗೆ ಮಾಡಿದ ಹಾಸ್ಟೆಲ್ಲಿನಿಂದ ಪತ್ರ ತಾ ಎಂದ. ಗೇಟಿನ ಹತ್ತಿರ ನಿಂತು "ಪೋಲೆ, ಬೀಬಿ" ಎಂದ. ಆ ದೇಶದಲ್ಲಿ ನನಗೆ ಕೇಳಿದ ಪೋಲೆಗಳಲ್ಲಿ ಇದೊಂದು ನಿಜಕ್ಕೂ ಹೇಳಬೇಕಾದವನು ಹೇಳಿದ್ದು.

ನೀಮಾ ಸೂತಕ ಮುಗಿಸಿ ಬಂದಳು, ಸಿಡಿಮಿಡಿ ಮಾಡುತ್ತಲೇ ಸೌಟು ಹಿಡಿದಳು. ಜಸಿಂತಾ ಬಸ್ಸಿನವರೆಗೆ ಬಂದಳು. ಜ್ವರ ಬಿಟ್ಟಿತ್ತು, ನಿಲ್ಲುವ ಶಕ್ತಿ ಇರಲಿಲ್ಲ. ನಿನಗೆ ತ್ರಾಸು, ಮತ್ತೆ ಬರಬೇಡ ಮಾವಶಿ ಎಂದಳು. ಅಡುಗೆಯವಳು ಬರಲು ಇನ್ನೂ ಎರಡು ತಿಂಗಳ ಮೇಲೆ ಇತ್ತು. ನಾನು ಚೀಲ ಎತ್ತಿಕೊಂಡು ಬಸ್ ಹತ್ತಿದೆ.

ಮತ್ತೆ ಹಳಿಯಾಳ

ಮನೆಗೆ ಬಂದ ಸಂಜೆಯೇ ಓಣಿಯವರು ಕೂಡಿದರು. ನಮ್ಮವರನ್ನು ನೋಡಿದಿಯೇನು ಎಂದು ಕೇಳಿದರು. ಅವರು ಅವರವರು, ನಾವು ನಮ್ಮವರು, ಬಾಚಣಿಕೆ ಮಾತ್ರ ಒಳ್ಳೆಯದಿದೆ ಎಂದೆ. ತಂದಿದ್ದನ್ನು ತೋರಿಸಿದೆ. ಅದು ಆಗಲೇ ಯಾರದೋ ಕೈಗೆ ಹೋಯಿತು. ಇಷ್ಟು ಬೇಗ ಯಾಕೆ ಬಂದಿ ಎಂದು ಕೇಳಿದವರಿಗೆ, ಕಳಿಸಿದರು, ಬಂದೆ ಎಂದೆ.

ಅವರನ್ನು ಅಲ್ಲೇ ಬಿಟ್ಟು ಬಸವರಾಜನ ಅಂಗಡಿಗೆ ಹೋದೆ. ನಡೆದದ್ದು ಹೇಳಿದೆ. ಪಗಾರ ಇಲ್ಲದ್ದೂ ಕೆಲಸ ಹೇಗಾಗುತ್ತದೆ ಎಂದು ಅವನು ನನ್ನ ಜೊತೆಗೇ ವಾದಕ್ಕೆ ನಿಂತ. ವಾದ ನಾನು ಮಾಡಿ ಬಂದಿದ್ದೇನೆ, ನೀನು ಕಂಪ್ಯೂಟರ್ ನೋಡು ಎಂದೆ. ಸೇವೆಗೆ ಹೋಗುವವರ ಪರ್ಮಿಟ್ ಬೇರೆಯೇ ಇತ್ತು. ಸಾಹೇಬ ಹೇಳಿದ್ದೆಲ್ಲ ಅಲ್ಲಿತ್ತು. ಪೊಲೀಸರ ಕಾಗದಕ್ಕೆ ಅರ್ಜಿ ತುಂಬಿದ. ಇನ್ನು ಸ್ಟೇಷನ್ನಿನವರು ಮನೆಗೆ ಬಂದು ವಿಚಾರಿಸುತ್ತಾರೆ, ಅಲ್ಲಿಯವರೆಗೆ ಆರಾಮವಾಗಿ ಕೂತಿರಿ ಎಂದ. ಯಾವಾಗ ಬರುತ್ತಾರೆ ಎಂದೆ. ಬಂದಾಗ ಬರುತ್ತಾರೆ ಎಂದ.

ಮರುದಿನ ಬೆಳಿಗ್ಗೆ ಚಹಾ ಕುಡಿದು ನೆಟ್ಟಗೆ ಪೊಲೀಸ್ ಸ್ಟೇಷನ್ನಿಗೆ ಹೋದೆ. ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಮಹಿಳಾ ಪೇದೆಯೊಬ್ಬಳು ಮೇಜು ಒರೆಸುತ್ತಿದ್ದಳು. ನನ್ನನ್ನು ಬಾಕಿನ ಮೇಲೆ ಕೂಡಿಸಿ, ಯಾರ ಮೇಲೆ ಕಂಪ್ಲೇಂಟ್ ಆಯಿ, ಮಗನ ಮೇಲೋ ಸೊಸೆಯ ಮೇಲೋ ಎಂದು ಕೇಳಿದಳು.

"ನನ್ನ ಮ್ಯಾಲೆ ಏನಾರ ಐತೇನ ನೋಡ್ರಿ," ಎಂದೆ. "ಇಲ್ಲಂದ್ರ ಇಲ್ಲ ಅಂತ ಬರದ್ ಕೊಡ್ರಿ. ನನಗ ಅಡಗಿ ಮಾಡಾಕ ಹೋಗೂದೈತಿ."